ಮುಖವಿಲ್ಲದ ಕೂದಲು

ಕಾಣದ್ದಕ್ಕೆ ಹೆದರುವವರನ್ನು ನಾನು ಯಾವಾಗಲೂ ಗೇಲಿ ಮಾಡುತ್ತಿದ್ದೆ. ಹುಮನಾಬಾದಿನ ಅರ್ಧ ಊರಿನ ದನಿ ನನ್ನ ಗಂಟಲಲ್ಲಿದೆ. ಖಾಲಿ ಕೋಣೆಯಲ್ಲಿ ನಾಲ್ಕು ಜನ ಜಗಳಾಡುತ್ತಿದ್ದಾರೆಂದು ನಂಬಿಸಬಲ್ಲೆ. ಅಂಥವನು ತಾನೇ ಮಾಡಿದ್ದನ್ನು ಕಂಡು ತಾನೇ ಬೆವೆತ ಕಥೆ ಇದು. ಎರಡು ಸಾವಿರದ ಇಸವಿ ದಾಟಿದ ಹೊಸತು. ಹೈದರಾಬಾದಿನಲ್ಲಿ ಅನಿಮೇಷನ್ ಕಲಿತು ಬಂದಿದ್ದೆ. ಕಂಪ್ಯೂಟರಿನೊಳಗೆ ಗಾಳಿ ಬಿಟ್ಟು ಹುಲ್ಲು, ಕೂದಲು, ನಾಯಿಯ ತುಪ್ಪಳ ಅಲ್ಲಾಡಿಸುವ ವಿದ್ಯೆ. ಉರಿಸೆಕೆಯಲ್ಲಿ ಬನಿಯನ್ ಹಿಂಡಿಕೊಳ್ಳುತ್ತ ಕುಳಿತು ನಾನು ತಯಾರಿಸುತ್ತಿದ್ದ ಗಾಳಿ ನನಗೊಬ್ಬನಿಗೇ ತಾಗುತ್ತಿರಲಿಲ್ಲ.

ಟೈಫಾಯ್ಡ್ ಬಂದು ಅಕ್ಕನ ಉದ್ದ ಕೂದಲೆಲ್ಲ ಉದುರಿತ್ತು. ದುಪಟ್ಟಾ ಸುತ್ತಿಕೊಂಡು ಒಳಗೇ ಇರುತ್ತಿದ್ದಳು. ಬಸವಕಲ್ಯಾಣದಲ್ಲಿ ಕಾಕಾನ ಮಗಳ ಮದುವೆಗೂ ಬರುವುದಿಲ್ಲವೆಂದು ಹಟ. "ನನ್ನ ಕೂದಲಾ ಗಾಳಿಗಿ ಹಾರೋದು ಒಮ್ಮಿ ತೋರಸು, ಬರ್ತೀನಿ," ಅಂದಳು. ನನ್ನ ಕೈಲಾಗದೆಂಬ ಧೈರ್ಯ ಅವಳದು.

ಹಳೆಯ ಫೋಟೋ ನೋಡಿ ಕಂಪ್ಯೂಟರಿನಲ್ಲಿ ಅವಳ ತಲೆ ಮಾಡಿ ಕೂದಲು ಕೂರಿಸಿದೆ. ಮೊದಲ ಗಾಳಿಗೇ ಅದು ಕತ್ತಿನ ಒಂದು ಬದಿ ಹೊಕ್ಕು ಇನ್ನೊಂದು ಬದಿ ಹೊರಬಂತು. ಯಂತ್ರಕ್ಕೆ ಭಾರ ಕಡಿಮೆಯಾಗಲೆಂದು ಮುಖ, ಕತ್ತು ಎರಡನ್ನೂ ಮರೆಮಾಡಿ, ಅದರ ಪಾಡಿಗೆ ಬಿಟ್ಟು ಚಹಾಕ್ಕೆ ಹೋದೆ. ಬರುವಷ್ಟರಲ್ಲಿ ಅವ್ವ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕತ್ತಲ ಪರದೆಯ ನಡುವೆ ತಲೆಯಿಲ್ಲದ ಕೆಂಚು ಕೂದಲು ಮೆಲ್ಲಗೆ ತೂಗುತ್ತಿತ್ತು.

"ಯಾರ್ದೋ ಅದು? ಮಾರಿ ಎಲ್ಲದ?"

ಅಭ್ಯಾಸಬಲ. ಮುಖ ಕಳೆದುಕೊಂಡವಳ ಹಾಗೆ ಹೆಣ್ಣುದನಿಯಲ್ಲಿ, "ಹುಡಕಾಕತ್ತೀನ್ರೀ," ಅಂದೆ. ಕಸಬರಿಗೆ ನನ್ನ ಬೆನ್ನಿಗೆ ಬಿತ್ತು.

ಗದ್ದಲ ಕೇಳಿ ಅಕ್ಕ ಬಂದು ಪರದೆಯ ಮುಂದೆ ಕುಳಿತಳು. ಗಾಜಿನಲ್ಲಿ ಅವಳ ಮುಖದ ನೆರಳು ಸರಿಯಾಗಿ ಆ ಕೂದಲಿನ ಕೆಳಗೇ ಬಿತ್ತು. ಕೂದಲು ಹಾರಿತು, ಅಕ್ಕ ಅಲ್ಲಾಡಲಿಲ್ಲ. ಅಕ್ಕ ತಲೆ ವಾಲಿಸಿದಳು. ಕೂದಲು ಇದ್ದಲ್ಲೇ ತೂಗಿತು, ಬೇರೆ ಯಾರನ್ನೋ ಕಾಯುವಂತೆ. ನಾನು ಗಾಳಿಯನ್ನು ಸೊನ್ನೆಗಿಳಿಸಿದೆ. ಅದು ನಿಲ್ಲಲಿಲ್ಲ. ತೂಗಾಟಕ್ಕೆ ತಡೆ ಹಾಕಲು ಮರೆತಿದ್ದೆನೆಂಬುದು ಹೊಳೆದದ್ದು ಆಮೇಲೆ; ಅಷ್ಟರಲ್ಲಿ ನನ್ನ ಮೈರೋಮವೆಲ್ಲ ಗಾಳಿಯಿಲ್ಲದೆಯೇ ಎದ್ದು ನಿಂತಿತ್ತು.

ಫಕ್ಕನೆ ಕರೆಂಟು ಹೋಯಿತು. ಗಾಜಿನಲ್ಲಿ ಬರಿಯ ಮುಖ ಉಳಿಯಿತು. ಅಕ್ಕ ದುಪಟ್ಟಾ ಸರಿಸಿ ಬಹಳ ಹೊತ್ತು ನೋಡಿದಳು. "ಅದಕ್ಕಿಂತ ಇಕೀನ ಪಾಡ ಅದಾಳಲೋ," ಎಂದು ತನ್ನ ನೆರಳನ್ನೇ ಮೆಚ್ಚಿಕೊಂಡಳು.

ಮದುವೆಗೆ ಬರಿತಲೆಯಲ್ಲೇ ಬಂದಳು. ಯಾರೂ ಅವಳನ್ನು ದಿಟ್ಟಿಸಲಿಲ್ಲ. ನಮ್ಮ ಮನೆಯ ಕೂದಲಿನ ಸುದ್ದಿಯನ್ನು ಅವ್ವ ಮೊದಲೇ ಹಂಚಿಬಿಟ್ಟಿದ್ದರಿಂದ ಎಲ್ಲರ ಕಣ್ಣೂ ನನ್ನ ಮೇಲೆ. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಖಾಲಿ. ಬಡಿಸುವವನು ಅದಕ್ಕೂ ಹೋಳಿಗೆ ಹಾಕಿದ.

"ಅಲ್ಲಿ ಯಾರೂ ಇಲ್ಲಲ್ರೀ?" ಅಂದೆ.

"ಅದಾರಂತ್ರಿ. ಜಡಿ ಹಾಕ್ಕೊಂಡು ಬರಾಕತ್ತಾರಂತ," ಎಂದು ಅಕ್ಕನ ಕಡೆ ಕೈ ತೋರಿಸಿದ. ಆಕೆ ಸೆರಗಿಲ್ಲದ ತಲೆ ಕುಣಿಸುತ್ತ ನಗುತ್ತಿದ್ದಳು.

ಕಿತಾಪತಿ ಅವಳದೇ ಎಂದು ಗೊತ್ತು. ಆದರೂ ಊಟ ಮುಗಿಯುವವರೆಗೆ ಆ ಎಲೆಯ ಕಡೆ ನಾನು ತಿರುಗಲಿಲ್ಲ. ಏಳುವಾಗ, ಯಾರಿಗೂ ಕೇಳದ ಹಾಗೆ, "ಬರ್ತೀನ್ರೀ," ಅಂದೆ.