ಒಂಬತ್ತು ಊರಿಗೆ ಒಬ್ಬನೇ ಕಾವಲುಗಾರ

ಸೋಲು ಎಂಬುದು ನನ್ನ ವಂಶದಲ್ಲೇ ಇಲ್ಲ. ಮುಂಬೈಯಲ್ಲಿ ಮೂವತ್ತೊಂದು ವರ್ಷ ಹೋಟೆಲ್ ನಡೆಸಿ, ಬೆಳಿಗ್ಗೆ ಎಂಟಕ್ಕೆ ನಾನೂರು ಮಂದಿ ಒಟ್ಟಿಗೇ ಇಡ್ಲಿ ಕೇಳಿದರೂ ಬೆವರದ ಗಂಡಸು ನಾನು. ಅಂಥವನಿಗೆ ಫೋನಿನ ಒಂದು ಆಟ ಯಾವ ಮಹಾ? "ಬೈಂದೂರಿನ ಅಣ್ಣಯ್ಯ ಶೆಟ್ಟರನ್ನು ಅರವತ್ತು ದಿನದಲ್ಲಿ ಮಣ್ಣುಮುಕ್ಕಿಸದಿದ್ದರೆ ನಾನು ಹೆಮ್ಮಾಡಿಯವನೇ ಅಲ್ಲ" ಎಂದು ಹೆಂಡತಿ ಸುಂದರಿಯ ಎದುರು ಘೋಷಿಸಿದೆ.

"ಮೀನ್ ಕೊಯ್ವತಿಗೆ ಬೆಳ್ಕಿಗೆ ಅಡ್ಡ ನಿಲ್ಬೇಡಿ" ಎಂದಳು.

ಅಣ್ಣಯ್ಯ ಶೆಟ್ಟರು ನನ್ನ ಬೀಗರು, ಮಗಳು ಸೌಮ್ಯಶ್ರೀಯ ಮಾವ. ಮಗಳು ಮೊದಲ ಹೆರಿಗೆಗೆ ನಮ್ಮಲ್ಲಿಗೆ ಬಂದು, ಹೆಣ್ಣುಮಗು ಹುಟ್ಟಿ ಇಪ್ಪತ್ತು ದಿನ ಆಗಿತ್ತು. ಬಾಣಂತಿಯೂ ಮಗುವೂ ಮೂರು ತಿಂಗಳಿಗೇ ಬೈಂದೂರಿಗೆ ಬರಬೇಕು ಎಂದು ಅವರು. ಐದು ತಿಂಗಳಾಗದೆ ಕಳಿಸುವ ಮಾತೇ ಇಲ್ಲ ಎಂದು ನಾನು. ಬೀಗರ ಹತ್ತಿರ ಬಾಯಿಬಿಟ್ಟು ಜಗಳಾಡುವ ಹಾಗಿಲ್ಲವಲ್ಲ! ಇಬ್ಬರೂ ನಗುನಗುತ್ತ ಹಲ್ಲು ಕಡಿಯುವುದನ್ನು ನೋಡಲಾರದೆ ಅಳಿಯ ಮಿಥುನ್ ಎರಡೂ ಫೋನಿಗೆ ಒಂದು ಯುದ್ಧದ ಆಟ ಹಾಕಿಕೊಟ್ಟ. ದಿನಕ್ಕೆ ಒಬ್ಬರಿಗೆ ಒಂದು ನಡೆ. ಅರವತ್ತು ನಡೆಗೆ ಆಟ ಖಲಾಸ್. ಗೆದ್ದವರು ಹೇಳಿದಷ್ಟು ತಿಂಗಳು.

ಆಟದ ಧರ್ಮ ಸುಲಭ. ಮೊದಲಿಗೆ ಒಂದೇ ಊರು. ಖಾಲಿ ಜಾಗ ಹಿಡಿದು ಹೊಸ ಊರು ಕಟ್ಟಿದರೆ ಅಕ್ಕಿ ಹೆಚ್ಚು ಬರುತ್ತದೆ. ಕಾವಲುಗಾರರನ್ನಿಟ್ಟರೆ ಊರು ಉಳಿಯುತ್ತದೆ, ಆದರೆ ಅವರು ಕೂತು ಅಕ್ಕಿ ತಿನ್ನುತ್ತಾರೆ. ನನ್ನದು ಹೋಟೆಲಿನವನ ತಲೆ: ಮೊದಲು ಬ್ರಾಂಚ್ ತೆಗೆ, ವಾಚ್‌ಮನ್ ವಿಷಯ ಆಮೇಲೆ. ಇಪ್ಪತ್ತು ದಿನದಲ್ಲಿ ಒಂಬತ್ತು ಊರು ಎಬ್ಬಿಸಿದೆ. ಹೆಸರೂ ನಾನೇ ಇಟ್ಟೆ. ರಾಜಧಾನಿ ಹೆಮ್ಮಾಡಿ, ಆಮೇಲೆ ಕೋಡಿ, ಬ್ರಹ್ಮಾವರ, ಸಿದ್ದಾಪುರ, ಹೀಗೆ. ಸಿದ್ದಾಪುರವನ್ನು ಘಟ್ಟದ ಬುಡದಿಂದ ಎತ್ತಿ ಸಮುದ್ರದ ದಂಡೆಗೆ ತಂದಿಟ್ಟವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಇಷ್ಟೂ ಊರಿಗೆ ಕಾವಲುಗಾರ ಒಬ್ಬನೇ. ನಮ್ಮ ಕಡೆ ಕೃಷ್ಣನನ್ನು ಕರೆಯುವ ಹಾಗೆ ಅವನನ್ನು ಕುಷ್ಟ ಎಂದು ಕರೆದೆ.

"ಬೀಗ್ರಿಗೆ ಎಷ್ಟ್ ಊರ್?" ಸುಂದರಿ ಕೇಳಿದಳು.

"ಮೂರೇ ಮೂರ್. ಸುತ್ತ ಗೋಡೆ, ಒಳಗೆ ನಲ್ವತ್ತ್ ಜನ. ಹೆದ್ರುಪುಕ್ಲ."

"ಮತ್ತೆ ನಿಮ್ಗ್ ಎಂತಕೆ ಊಟ ಸೇರುದಿಲ್ಲ?"

ಎರಡು ದಿನದ ಹಿಂದೆ ಕೋಡಿಯ ಆಚೆದಡದಲ್ಲಿ ಬೀಗರ ಎರಡು ಬಾವುಟ ಕಂಡಿದ್ದೆ. ಅಂದಿನಿಂದ ಬಂಗುಡೆ ಸಾರಿಗೆ ರುಚಿ ಇಲ್ಲ, ಕಣ್ಣಿಗೆ ನಿದ್ದೆ ಇಲ್ಲ. ಕುಷ್ಟನನ್ನು ಕೋಡಿಗೆ ಓಡಿಸಿದರೆ ಬ್ರಹ್ಮಾವರ ಬೋಳು. ಬ್ರಹ್ಮಾವರಕ್ಕೆ ಓಡಿಸಿದರೆ ಸಿದ್ದಾಪುರ ಬೋಳು. ಒಂಬತ್ತು ಬಸ್ಸಿಗೆ ಒಬ್ಬನೇ ಕಂಡಕ್ಟರ್! ಅವನ ಕಾಲಿನ ಸವೆತ ನನ್ನ ಮಂಡಿಯಲ್ಲಿ ನೋಯತೊಡಗಿತು. ದಿನಕ್ಕೆ ಇರುವುದು ಒಂದು ನಡೆ. ಅದನ್ನು ಯೋಚಿಸಲು ಇಪ್ಪತ್ತನಾಲ್ಕು ಗಂಟೆ ಸಾಲುತ್ತಿರಲಿಲ್ಲ. ಕುಂದಾಪುರಕ್ಕೆ ಹೊರಟವನು ಬಸ್ಸಿನಲ್ಲಿ ಗೋಡೆ ಕಟ್ಟುತ್ತ ಕಟ್ಟುತ್ತ ಕೋಟೇಶ್ವರದಲ್ಲಿ ಇಳಿದೆ.

ಒಳಗಿಂದ ಮಗುವಿನ ಅಳು ಕೇಳುತ್ತಿತ್ತು.

"ಹ್ವಾಯ್, ಶಿಶುನ ಒಂಚೂರ್ ಎತ್ಕಣಿ. ನಾನ್ ಬಿಸಿನೀರ್ ಕಾಸ್ತೆ" ಎಂದಳು ಸುಂದರಿ.

"ಈಗ ಆತಿಲ್ಲ ಮಾರಾಯ್ತಿ. ಕುಷ್ಟ ಬ್ರಹ್ಮಾವರದ ದಾರಿಯಂಗೆ ಇದ್ದ."

ಯಾರಿಗಾಗಿ ಇಷ್ಟೆಲ್ಲ ಒದ್ದಾಡುತ್ತಿದ್ದೇನೆ ಎಂಬುದು ಆ ಹೆಂಗಸಿಗೆ ಅರ್ಥವಾಗಬೇಡವೇ?

ಹೆದರಿಕೆ ತಡೆಯದೆ ಮೂವತ್ತೈದನೇ ನಡೆಯಿಂದ ನೀತಿ ಬದಲಿಸಿದೆ. ಊರಿಗೆ ಹತ್ತರಂತೆ ತೊಂಬತ್ತು ಕಾವಲುಗಾರರನ್ನು ತುಂಬಿದೆ. ಎರಡು ರಾತ್ರಿ ಗೊರಕೆ ಹೊಡೆದೆನಂತೆ. ನಾಲ್ಕನೇ ದಿನ ಕಣಜ ನೋಡಿದರೆ ಇಲಿಗೂ ಒಂದು ಕಾಳಿಲ್ಲ. ಆ ತೊಂಬತ್ತು ಜನ ಉಣ್ಣುತ್ತಿದ್ದರೋ, ಅಕ್ಕಿಯನ್ನು ಸಮುದ್ರಕ್ಕೆ ಸುರಿಯುತ್ತಿದ್ದರೋ! ಪ್ರಜೆಗಳು ಗಂಟುಮೂಟೆ ಕಟ್ಟತೊಡಗಿದರು. ಗಾಬರಿಯಿಂದ ಎಂಬತ್ತು ಕಾವಲುಗಾರರನ್ನು ಕೆಲಸದಿಂದ ತೆಗೆದೆ. ತೆಗೆದವರೆಲ್ಲ ನೆಟ್ಟಗೆ ಹೋಗಿ ಎದುರಿನ ಹೋಟೆಲಿಗೆ, ಅಂದರೆ ಬೀಗರ ದಂಡಿಗೆ, ಸೇರಿಕೊಂಡರು. ಮುಂದಿನ ಎರಡು ವಾರದಲ್ಲಿ ಕೋಡಿ ಹೋಯಿತು, ಬ್ರಹ್ಮಾವರ ಹೋಯಿತು, ಸಮುದ್ರ ಕಂಡ ಸಿದ್ದಾಪುರವೂ ಹೋಯಿತು. ಐವತ್ತೊಂಬತ್ತನೇ ನಡೆಗೆ ಹೆಮ್ಮಾಡಿಯೊಂದೇ ಉಳಿದಿತ್ತು.

ಆದರೆ ಮಿಥುನ್ ಮೊದಲೇ ಹೇಳಿದ್ದ, ರಾಜಧಾನಿ ಕೊನೆಯವರೆಗೂ ಉಳಿದರೆ ಆಟ ಸಮ, ಮಾತಿನಲ್ಲಿ ತೀರ್ಮಾನ ಮಾಡಿಕೊಳ್ಳಬೇಕು ಎಂದು. ಸಮ ಆದರೆ ನಾಲ್ಕು ತಿಂಗಳಿಗಾದರೂ ಎಳೆಯಬಹುದು! ಕೊನೆಯ ಅಕ್ಕಿಯಲ್ಲಿ ಹೆಮ್ಮಾಡಿಗೆ ಆನೆ ಗುದ್ದಿದರೂ ಬೀಳದ ಗೋಡೆ ಕಟ್ಟಿದೆ. ಒಂದೇ ಬಾಗಿಲು. ಒಳಗಿನಿಂದ ಚಿಲಕ. ಬೀಗರ ಒಂದು ನಡೆ ಕಳೆದರೆ ಸಾಕಿತ್ತು. ಎರಡು ದಿನದಿಂದ ಸ್ನಾನವನ್ನೂ ಮಾಡಿರಲಿಲ್ಲವಾಗಿ, ಫೋನನ್ನು ಸುಂದರಿಯ ಕೈಗೆ ಕೊಟ್ಟು, "ಎಂತಾರೂ ಬಂದ್ರೆ ನನ್ನ ಕರಿ" ಎಂದು ಬಚ್ಚಲಿಗೆ ಹೋದೆ.

ಐದು ನಿಮಿಷದಲ್ಲಿ ತಲೆ ಒರೆಸಿಕೊಳ್ಳುತ್ತ ಬಂದರೆ ಫೋನಿನಿಂದ ಜಾಗಟೆ ಸದ್ದು. ಹೆಮ್ಮಾಡಿಯ ಗೋಡೆ ಹಾಗೇ ಇದೆ. ಅದರ ಮೇಲೆ ಬೀಗರ ಬಾವುಟ ಹಾರುತ್ತಿದೆ!

"ಎಂತ ಒತ್ತಿದೆ?" ಫೋನು ಕಸಿದುಕೊಂಡೆ.

"ಎಂತದೂ ಇಲ್ಲಪ್ಪ. ಬೀಗ್ರ್ ಬಾಗ್ಲಂಗೆ ಬಂದಿದ್ರ್. 'ಅಣ್ಣಯ್ಯನವರು ಒಳಗೆ ಬರಲು ಕೇಳುತ್ತಿದ್ದಾರೆ, ಬಿಡುವುದೇ' ಅಂದೇಳಿ ಬಂತ್. ಹೌದ್ ಅಂದೆ."

"ಅದ್ ದಂಡ್ ಮಾರಾಯ್ತಿ! ನೂರಿಪ್ಪತ್ತ್ ಜನ, ಕತ್ತಿ ಹಿಡ್ಕಂಡರ್!"

"ಜನ ಜಾಸ್ತಿ ಆರೆ ಎಂತಾಯ್ತ್? ಮಗ್ಳ್ ಕೊಟ್ಟ ಮನಿಯರ್. ಬಾಗ್ಲಂಗೇ ನಿಲ್ಸಿ ಕಳ್ಸುದಾ? ಬೆಲ್ಲ ನೀರ್ ಕೊಡುಕೆ ಎಲ್ ಒತ್ತುದ್ ಅಂದೇಳಿ ಹುಡ್ಕ್ತಾ ಇದ್ದೆ, ಅಷ್ಟರಗೆ ನೀವ್ ಬಂದ್ರಿ."

ಇಂಥವಳಿಗೆ ಏನು ಹೇಳುವುದು? ಸೋತ ಮುಖ ಹೊತ್ತುಕೊಂಡು ಬಾಣಂತಿ ಕೋಣೆಗೆ ಹೋದೆ. "ಮಗಾ, ನಾನ್ ಸೋತೆ. ಇನ್ನ್ ಹತ್ತೇ ದಿನ. ಮೂರ್ ತಿಂಗ್ಳಿಗೆ ನಿಮ್ಮನ್ನ್ ಕಳ್ಸ್ಕ್."

ಸೌಮ್ಯಶ್ರೀ ತೊಟ್ಟಿಲು ತೂಗುವುದನ್ನು ನಿಲ್ಲಿಸಲಿಲ್ಲ. "ನಿಮ್ಮ್ ಆಟ ಕಂಡ್ಕಂಡ್ ನಾನ್ ಹೋಪುದಾ ಅಪ್ಪಯ್ಯ? ನಿಂಗ್ ಮನ್ಸ್ ಬಂದಷ್ಟ್ ದಿನ ನಿಲ್ಲ್ ಅಂದೇಳಿ ಅತ್ತೆ ಆಗಳೇ ಹೇಳಿರ್."

ಸತ್ತವನು ಎದ್ದು ಕೂತ ಹಾಗಾಯಿತು. "ಹಾಂಗಾರೆ ಐದ್ ತಿಂಗ್ಳ್!"

"ಇಲ್ಲ. ಮೂರಕ್ಕೇ ಹೋತೆ."

"ಎಂತಕೆ?"

"ಮಾವ ಒಂದ್ ನಿಮ್ಷದಗೆ ಅವ್ರ ನಡೆ ಮುಗ್ಸಿ, ಮತ್ತೆ ಅರ್ಧ ಗಂಟಿ ವಿಡಿಯೋ ಕಾಲಂಗೆ ಈ ಶಿಶು ಹತ್ರ ಮಾತಾಡ್ತ್ರ್. ದಿನಾ. ಅವ್ರ ಸ್ವರ ಕೇಂಡ್ರೆ ಇದ್ ನೆಗಾಡತ್ತ್. ಒಂದೇ ಮನಿಯಂಗಿದ್ದ್ ನೀವ್ ಇದನ್ನ್ ಕಡಿಗೆ ಎತ್ಕಂಡದ್ದ್ ಯಾವತ್ತ್?"

ತುಂಬಾ ಯೋಚಿಸಿ ಹೇಳಿದೆ: "ನಾಲ್ಕನೇ ನಡೆಯ ದಿನ."

ಮಗಳು ನನ್ನನ್ನೇ ನೋಡಿದಳು. ನನಗೆ ನೆಲ ನೋಡಬೇಕಾಯಿತು. ಸುಂದರಿ ಮಗುವನ್ನು ಎತ್ತಿ ನನ್ನ ಮಡಿಲಲ್ಲಿ ಮಲಗಿಸಿದಳು. "ಹತ್ತ್ ದಿನ ಇತ್ತಲ್ಲ. ಕೂಕಣಿ."

ಮಗು ನನ್ನ ಮೀಸೆಯನ್ನು ಒಬ್ಬ ಅಪರಿಚಿತ ಕಂದಾಯ ಅಧಿಕಾರಿಯನ್ನು ನೋಡಿದ ಹಾಗೆ ನೋಡಿತು. ತುಟಿ ಸೊಟ್ಟಗಾಯಿತು. ನೂರಿಪ್ಪತ್ತು ಕತ್ತಿಗೆ ಹೆದರಿದ್ದಕ್ಕಿಂತ ಆ ತುಟಿಗೆ ಹೆಚ್ಚು ಹೆದರಿದೆ. ಅಷ್ಟರಲ್ಲಿ ಪಂಚೆ ಬೆಚ್ಚಗಾಯಿತು.

"ಏಳಿ, ಬದ್ಲ್ಸ್ಕಂಡ್ ಬನ್ನಿ" ಎಂದಳು ಸುಂದರಿ.

"ಎದ್ದ್ರೆ ಇದ್ ಮರ್ಕತ್ತ್" ಎಂದು ಪಿಸುಗುಟ್ಟಿದೆ. ಅತ್ತುಬಿಟ್ಟರೆ ಎಂದು ಕದಲಲಿಲ್ಲ.

ಮಗಳ ಫೋನು ಹಾಡಿತು. "ಹ್ವಾಯ್, ನಮ್ಮ್ ರಾಣಿ ಎದ್ದಿತಾ?" ಬೈಂದೂರಿನ ಸ್ವರ ಕೋಣೆ ತುಂಬಿತು. ನನ್ನ ಒದ್ದೆ ಮಡಿಲಲ್ಲಿ ಆರಾಮವಾಗಿ ಮಲಗಿಕೊಂಡೇ ಮಗು ಫೋನಿನ ಕಡೆ ತಿರುಗಿ ಬೊಚ್ಚುಬಾಯಿ ತುಂಬ ನಕ್ಕಿತು.