ಕೆಡಲೊಲ್ಲದ ಟ್ರ್ಯಾಕ್ಟರು

ತಡವಳದ ಚನ್ನವೀರಪ್ಪ ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳಕ್ಕೆ ಬಂದವನು ಬೇವಿನ ಕಡ್ಡಿ ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟ. ಹೆಂಡತಿ ಪಾರ್ವತಿಬಾಯಿ ಟ್ರ್ಯಾಕ್ಟರಿಗೆ ಆರತಿ ಎತ್ತುತ್ತಿದ್ದಳು. ಗಾಡಿಯ ಮೈ ತೊಳೆದಾಗಿತ್ತು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿಯಾಗಿತ್ತು.

ಅವತ್ತು ದಸರೆಯಲ್ಲ, ಪಾಡ್ಯವೂ ಅಲ್ಲ. ಹಬ್ಬವಿಲ್ಲದ ದಿನ ಆ ಮನೆಯಲ್ಲಿ ಹೀಗೆ ಆರತಿ ಎತ್ತುವುದು ಒಂದೇ ಸಂದರ್ಭಕ್ಕೆ: ಮಾರಿದ ಎತ್ತೋ ಆಕಳೋ ಅಂಗಳ ದಾಟುವ ಮುಂಚೆ.

"ಏನಿದು?" ಎಂದ.

"ಸೋಲಾಪುರಕ್ಕ ಹೊಂಟದಲ್ರೀ. ಕೈಲಾಸ ನಿಮಗ ಹೇಳಿಲ್ಲೇನು?" ಎಂದು ಅವಳು ಸೆರಗಿನಲ್ಲಿ ನಕ್ಕಳು.

ಮಗ ಕೈಲಾಸ ಆಚೆ ಫೋನಿನಲ್ಲಿದ್ದ. "ಹೂಂರಿ ಸಾಹೇಬ್ರ, ಹಳೇದನ್ನ ತಗೊಂಡ ಬರ್ತೀವ್ರಿ. ಹನ್ನೊಂದಕ್ಕ ಶೋರೂಮಿನ್ಯಾಗ ಇರ್ತೀವಿ."

"ಮಾರಾಕತ್ತೀ ಏನೋ?" ಎಂದು ಒಂದು ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಚನ್ನವೀರಪ್ಪ ಕೇಳುವ ಪೈಕಿ ಅಲ್ಲ. ಕೇಳಿದರೆ ಹೌದೆಂದುಬಿಟ್ಟಾನು, ಕೇಳದಿದ್ದರೆ ಇನ್ನೂ ಏನೂ ಆಗಿಲ್ಲ ಎಂಬುದು ಅವನ ಲೆಕ್ಕ.

ಆ ಟ್ರ್ಯಾಕ್ಟರನ್ನು ಅವನಪ್ಪ ತಂದು ಮೂವತ್ತೆಂಟು ವರ್ಷವಾಗಿತ್ತು. ಪಾರ್ವತಿಬಾಯಿ ಮದುವಣಗಿತ್ತಿಯಾಗಿ ಈ ಊರಿಗೆ ಬಂದದ್ದು ಅದರ ಟ್ರೇಲರಿನಲ್ಲಿ. ಕೈಲಾಸ ಹುಟ್ಟುವಾಗ ಕೆಸರು ದಾರಿಯಲ್ಲಿ ಅವಳನ್ನು ಅಕ್ಕಲಕೋಟೆಯ ದವಾಖಾನೆಗೆ ಮುಟ್ಟಿಸಿದ್ದೂ ಅದೇ. ಅದು ಉತ್ತ ಹೊಲದ ಜೋಳ ತಿಂದು ಮನೆ ಬೆಳೆದಿತ್ತು. ಅದರ ಋಣ ಈ ಜನ್ಮದಲ್ಲಿ ತೀರುವುದಲ್ಲ ಎಂದು ಚನ್ನವೀರಪ್ಪ ಮನಸಾರೆ ನಂಬಿದ್ದ. ಅದನ್ನು ಉಳಿಸಿಕೊಳ್ಳಲು ಅವನಿಗೆ ಹೊಳೆದ ದಾರಿ ಒಂದೇ. ಗಾಡಿ ಕೆಡಬೇಕು.

ಮಗ ನಾಷ್ಟಾಕ್ಕೆ ಕುಳಿತಾಗ ಬ್ಯಾಟರಿ ಬಿಚ್ಚಿ ಜೋಳದ ಕಣಿಕೆಯ ಬಣವೆಯೊಳಗೆ ತೂರಿಸಿದ.

"ಬ್ಯಾಟ್ರಿ ಯಾರೋ ಕದ್ದಾರ" ಎಂದು ಕೈಲಾಸ ತಲೆಮೇಲೆ ಕೈ ಹೊತ್ತು ಕೂತ. ಚನ್ನವೀರಪ್ಪ ನಿಟ್ಟುಸಿರು ಬಿಡುವಷ್ಟರಲ್ಲಿ ನೆರೆಮನೆಯ ಕುರಿಗಾರ ಕಾಮಣ್ಣ ಹೆಗಲ ಮೇಲೆ ಕಂಬಳಿ ಒಗೆದುಕೊಂಡು ಬಂದ. ಕರೆಯದೆ ಬರುವುದು, ಬಂದರೆ ಕೆಲಸ ಮುಗಿಸದೆ ಹೋಗದಿರುವುದು ಅವನ ಗುಣ.

"ಇದಕ್ಯಾಕ್ ಬೇಕೋ ಬ್ಯಾಟ್ರಿ? ನಮ್ಮ ಓಣ್ಯಾಗಿನ ಸಚಿನನ ಹೊಸಾ ಟ್ರ್ಯಾಕ್ಟರಿಗಾದ್ರ ಒಂದ್ ವಾಯರ್ ಸಡ್ಲಾದ್ರೂ ಸೋಲಾಪುರದಿಂದ ಲ್ಯಾಪ್‌ಟಾಪ್ ಹಿಡ್ಕೊಂಡು ಮನಿಶ್ಯಾ ಬರಬೇಕು. ಇದಕ್ಕ ನಾಕ್ ಮಂದಿ ಧಕ್ಕಾ ಸಾಕು."

ನಾಲ್ಕು ಮಂದಿಯನ್ನು ಕರೆದರೆ ಬೀರೋಬಾ ಗುಡಿಯ ಕಟ್ಟೆಯಿಂದ ಹನ್ನೆರಡು ಮಂದಿ ಎದ್ದು ಬಂದರು. ಇಳಿಜಾರಿನಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಗಾಡಿ ಢಗ್ ಢಗ್ ಎಂದು ಹೊತ್ತಿಕೊಂಡಿತು. ಕೈಲಾಸ ಓಡಿಸಿದ. ಒಂದು ಮಡ್‌ಗಾರ್ಡ್ ಮೇಲೆ ಚನ್ನವೀರಪ್ಪ, ಇನ್ನೊಂದರ ಮೇಲೆ ಬೇಡವೆಂದರೂ ಕಾಮಣ್ಣ.

ದಾರಿಯಲ್ಲಿ ಚಹಾಕ್ಕೆ ಇಳಿದರು. ಎಂಜಿನ್ ಬಂದ್ ಮಾಡಿರಲಿಲ್ಲ. ಚನ್ನವೀರಪ್ಪ ಅರ್ಧ ಕಪ್ಪಿಗೇ ಎದ್ದುಹೋಗಿ ಡೀಸೆಲ್ ನಳಿಗೆಯ ನಟ್ಟು ಸಡಿಲಿಸಿ ಬಂದ. ಗಾಡಿ ಎರಡು ಸಲ ಬಿಕ್ಕಿ ಸುಮ್ಮನಾಯಿತು.

"ಗಾಳಿ ಹಿಡದಾದ, ಮತ್ತೇನಿಲ್ಲ" ಎಂದು ಕಾಮಣ್ಣ ನಟ್ಟು ತಿರುವುವ ಪಾನಾ ತೆಗೆದ. ಗಾಳಿ ತೆಗೆಯುವ ತಿರುಪು ಬಿಚ್ಚಿ, ಗುಳ್ಳೆ ನಿಲ್ಲುವತನಕ ಕೈಪಂಪು ಒತ್ತಿ, ಎಲ್ಲ ಬಿಗಿ ಮಾಡಿದ. "ನೋಡ್ರಿ ಮಾಲಕ್ರ, ಇಂಥಾ ಗಾಡಿ ಕಟ್ಟಿದವ್ರ ಕೈಗೆ ಬಂಗಾರದ ಕಡಗಾ ಹಾಕಬೇಕು. ಎಲ್ಲಾ ಕಣ್ಣಿಗೆ ಕಾಣ್ತದ, ಎಲ್ಲಾ ಕೈಗೆ ಸಿಗ್ತದ." ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಧಕ್ಕಾ ಕೊಟ್ಟರು.

ಚನ್ನವೀರಪ್ಪನಿಗೆ ಅಳಬೇಕೋ ಹೆಮ್ಮೆಪಡಬೇಕೋ ತಿಳಿಯಲಿಲ್ಲ. ಯಾವ ಗುಣಕ್ಕಾಗಿ ಅದನ್ನು ಪ್ರೀತಿಸುತ್ತಿದ್ದನೋ ಅದೇ ಗುಣ ಈಗ ಅದನ್ನು ಅವನಿಂದ ದೂರ ಒಯ್ಯುತ್ತಿತ್ತು.

ಪೆಟ್ರೋಲ್ ಪಂಪಿನಲ್ಲಿ ಎಂಜಿನ್ ನಿಲ್ಲಿಸಲೇಬೇಕಾಯಿತು. ಮಗ ದುಡ್ಡು ಕೊಡಲು ಹೋದಾಗ ಅಪ್ಪ ಸೀಟಿನ ಕೆಳಗಿನ ಕುಡಗೋಲು ತೆಗೆದು, ಕಣ್ಣು ಮುಚ್ಚಿ, ಫ್ಯಾನು ತಿರುಗಿಸುವ ಬೆಲ್ಟಿನ ಪಟ್ಟಾ ಕೊಯ್ದ. ಮತ್ತೆ ಧಕ್ಕಾ, ಮತ್ತೆ ಢಗ್ ಢಗ್. ಸೋಲಾಪುರ ಕಣ್ಣಿಗೆ ಬೀಳುವ ಹೊತ್ತಿಗೆ ರೇಡಿಯೇಟರ್ ಉಗಿ ಉಗುಳಿತು.

ಕಾಮಣ್ಣ ಒಳಗೆ ಇಣುಕಿದ. ಹೆಗಲ ಕಂಬಳಿಯ ಅಂಚು ಪರ್ರನೆ ಹರಿದು, ಹುರಿ ಹೊಸೆದು, ಪಟ್ಟಾದ ಜಾಗಕ್ಕೆ ಬಿಗಿದು ಕಟ್ಟಿದ. "ಸಾವಕಾಶ ನಡಸೋ ಕೈಲಾಸ" ಎಂದಷ್ಟೇ ಹೇಳಿ, ನೀರು ತುಂಬಿಸಿದ.

ವಿಜಾಪುರ ರಸ್ತೆಯ ಶೋರೂಮಿನ ಮುಂದೆ ಮಂಟಪ ಹಾಕಿದ್ದರು. ಹನ್ನೊಂದು ಹಳೇ ಟ್ರ್ಯಾಕ್ಟರು ಹಾರ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಹೆಚ್ಚಿನವು ಲಾರಿಯಲ್ಲಿ ಬಂದವು.

"ಏನೋ ಇದು?"

"ಹಳೇ ಗಾಡಿಗಳ ಸತ್ಕಾರ ಅಪ್ಪಾ. ನಿಮಗ ಗೊತ್ತಾಗಬಾರ್ದಂತ ಮುಚ್ಚಿಟ್ಟಿದ್ವಿ. ಇಷ್ಟು ವರ್ಷ ಗಾಡಿ ಜ್ವಾಕಿಲೇ ನೋಡ್ಕೊಂಡವ್ರಿಗೆ ಶಾಲು, ಫೇಟಾ. ಸಂಜಿಕ ಇದ್ರಾಗೇ ಮನಿಗೆ ಹೋಗೂದು."

ಚನ್ನವೀರಪ್ಪನ ಕಣ್ಣು ತುಂಬಿ ಬಂದವು. ಮಗನ ತಲೆ ಸವರಿದ. ಹೆಂಡತಿಯ ಆರತಿ ನೆನಪಾಗಿ ಅವಳಿಗೂ ಮನಸ್ಸಿನಲ್ಲೇ ಕೈ ಮುಗಿದ.

ಅಷ್ಟರಲ್ಲಿ ಕಾಮಣ್ಣನ ಕೈಗೆ ಮೈಕು ಸಿಕ್ಕಿತ್ತು. ಬ್ಯಾಟರಿ ಇಲ್ಲದೆ ಹೊರಟದ್ದು, ಗಾಳಿ ಹಿಡಿದದ್ದು, ಕಂಬಳಿ ಹುರಿಯ ಮೇಲೆ ಊರು ಮುಟ್ಟಿದ್ದು, ಒಂದೂ ಬಿಡದೆ ಹೇಳಿದ. ಶೋರೂಮಿನ ಮಾಲೀಕ ಶೈಲೇಶ ಬಗ್ಗಿ ಹುರಿ ಮುಟ್ಟಿ ನೋಡಿದ.

"ಕಮಾಲ್ ಆಹೇ ಕಾಕಾ. ಪಹಿಲಾ ನಂಬರ್ ಇದಕ್ಕ. ನಿಮಗ ಹೊಸಾ ಟ್ರ್ಯಾಕ್ಟರ್ ಬಕ್ಷೀಸ. ಇದು ಇಲ್ಲೇ ಗಾಜಿನ ಖೋಲ್ಯಾಗ ಇರ್ತದ, ಮಂದಿ ಬಂದು ನೋಡ್ಲಿ."

"ಪಹಿಲಾ ನಂಬರ್ ಬಂದ ಹಳೇ ಗಾಡಿ ಶೋರೂಮಿಗೇ ಅಂತ ಫಾರ್ಮಿನ್ಯಾಗ ಬರದಿತ್ತು ಅಪ್ಪಾ" ಎಂದು ಕೈಲಾಸ ತಡವರಿಸಿದ. "ನಮಗ ಬರ್ತದಂತ ಯಾರಿಗ್ ಗೊತ್ತಿತ್ತು? ಸಹಿ ಮಾಡಿಬಿಟ್ಟೀನಿ."

ಚನ್ನವೀರಪ್ಪ ನೇರ ವೇದಿಕೆ ಹತ್ತಿ ಮೈಕು ಕಸಿದುಕೊಂಡ. ಮಾನ ಹೋದರೆ ಹೋಗಲಿ, ಗಾಡಿ ಉಳಿಯಲಿ.

"ನಂಬರ್ ವಾಪಸ್ ತಗೋರ್ರಿ ಸಾಹೇಬ್ರ. ಇದೆಲ್ಲಾ ಖೋಟಾ. ಬ್ಯಾಟ್ರಿ ಬಣವ್ಯಾಗ ಮುಚ್ಚಿಟ್ಟಾಂವ ನಾನು. ನಟ್ಟು ಸಡ್ಲ ಮಾಡಿದಾಂವ ನಾನು. ಪಟ್ಟಾ ಕೊಯ್ದಾಂವನೂ ನಾನೇ. ಮಾರತಾರಂತ ತಿಳದು ಮಾಡೀನ್ರಿ."

ಕಾಮಣ್ಣ ಹರಿದ ಕಂಬಳಿಯನ್ನೂ ಚನ್ನವೀರಪ್ಪನನ್ನೂ ಮಿಕಿಮಿಕಿ ನೋಡಿದ. ಶೈಲೇಶ ಮಾತ್ರ ಬಂದು ಅವನನ್ನು ತಬ್ಬಿಕೊಂಡ.

"ಕಾಕಾ, ಮಾಲೀಕನೇ ಮೂರ್ ಸರ್ತಿ ಕೊಲ್ಲಾಕ ಹೋದ್ರೂ ಸಾಯದ ಗಾಡಿ. ಇದನ್ನಂತೂ ಈಗ ನಾ ಬಿಡಾಂವಲ್ಲ. ಈ ಮಾತನ್ನೇ ಬೋರ್ಡಿನ ಮ್ಯಾಲೆ ಬರಸ್ತೀನಿ."

ಚಪ್ಪಾಳೆ ಬಿತ್ತು. ತಲೆಗೆ ಫೇಟಾ ಸುತ್ತಿದರು, ಶಾಲು ಹೊದಿಸಿದರು, ಹೊಸ ಗಾಡಿಯ ಕೀಲಿ ಅಂಗೈಯಲ್ಲಿಟ್ಟರು.

ಎಲ್ಲರೂ ಊಟಕ್ಕೆ ಹೋದ ಮೇಲೆ ಚನ್ನವೀರಪ್ಪ ಹಳೇ ಗಾಡಿ ನಿಲ್ಲಿಸಿದ್ದ ಗಾಜಿನ ಕೋಣೆಗೆ ಹೋದ. ಇನ್ನೂ ಬೆಚ್ಚಗಿದ್ದ ಬಾನೆಟ್ಟಿನ ಮೇಲೆ ಕೈಯಿಟ್ಟ. "ನನ್ನ ಮನಿ ಕಟ್ಟಿದ್ಯವ್ವಾ, ನಿನ್ನ ಉಪಕಾರ ಮರ್ಯಾಂಗಿಲ್ಲ" ಎಂದ. ಆಮೇಲೆ ಬಗ್ಗಿ ಪಿಸುಗುಟ್ಟಿದ.

"ಖರೇ ಹೇಳು, ಇವತ್ತೊಂದಿನ ಕೆಟ್ಟಿದ್ರ ನಿಂದೇನ್ ಗಂಟ್ ಹೋಗ್ತಿತ್ತು?"