ಮೊಮ್ಮಗಳ ಬೆನ್ನಿಗೆ ನನ್ನ ಕಿವಿ

ನನ್ನ ಕಿವಿಯ ಬಗ್ಗೆ ಬನಹಟ್ಟಿಯಲ್ಲಿ ಎರಡು ಮಾತಿಲ್ಲ! ಶಾಲೆಯ ಮೆಟ್ಟಿಲನ್ನು ನಾನು ಬಹಳ ಸವೆಸಿದವನಲ್ಲ. ಆದರೆ ಪವರ್‌ಲೂಮ್ ಮಗ್ಗದ ಹೊಟ್ಟೆಯೊಳಗಿನ ವಿದ್ಯೆಯನ್ನು ಯಾವ ಗುರುವಿನ ಹಂಗಿಲ್ಲದೆ, ಪಾನಾ-ಇಕ್ಕಳ ಹಿಡಿದು, ಬೆರಳು ಜಜ್ಜಿಸಿಕೊಂಡು ಕಲಿತವನು. ಇಡೀ ಶೆಡ್ಡಿನ ಮಗ್ಗಗಳು ಒಟ್ಟಿಗೆ ಖಟಾಖಟ್ ಎನ್ನುತ್ತಿರಲಿ, ನಾನು ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, "ಆ ಮೂಲಿ ಮಗ್ಗದ ಬೋಲ್ಟು ಸಡಲ ಆಗೈತಿ" ಎಂದರೆ ಮುಗಿಯಿತು. ಹೋಗಿ ನೋಡಿದರೆ ಸಡಿಲಾಗಿಯೇ ಇರುತ್ತದೆ! ಇಂಥ ಹೊಳಬಸಪ್ಪನ ಮನೆಯಲ್ಲಿ ಒಂದು ಕೂಸಿನ ಎದೆಯ ಸದ್ದು ಕೇಳಲು ಡಾಕ್ಟರರ ಕೊಳವೆ ಬೇಕೇ? ಬೇಡವೇ ಬೇಡ ಎಂದು ಈ ಚಳಿಗಾಲದಲ್ಲಿ ನಾನು ಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆ ಏನೋ ಭೀಷ್ಮನದೇ. ಆದದ್ದು ಮಾತ್ರ ಬೇರೆ.

ದೊಡ್ಡ ಮೊಮ್ಮಗಳು ಪೂನಮ್ ಅಂಗನವಾಡಿಯಿಂದ ನೆಗಡಿ ತಂದಳು. ಶೇಂಗಾ ಉಂಡೆ ಕೊಟ್ಟರೆ ಒಬ್ಬಳೇ ಮೂಲೆಗೆ ಕೂತು ತಿನ್ನುವ ಹುಡುಗಿ, ನೆಗಡಿಯನ್ನು ಮಾತ್ರ ಧಾರಾಳವಾಗಿ ಹಂಚಿದಳು. ಮೂಗು ಒರೆಸಿಕೊಳ್ಳಲು ಅವಳಿಗೆ ನನ್ನ ಧೋತರದ ಚುಂಗೇ ಆಗಬೇಕು. ಕೆಲವೇ ದಿನಗಳಲ್ಲಿ ತೊಟ್ಟಿಲಲ್ಲಿದ್ದ ಅವಳ ತಂಗಿ ಗಂಗಾಂಬಿಕಾಳಿಗೂ ಮೂಗು ಕಟ್ಟಿತು, ಕೆಮ್ಮು ಹತ್ತಿತು. ಸೊಸೆ ಪ್ರೀತಿ ಕೂಸನ್ನು ಜಮಖಂಡಿಯ ಮಕ್ಕಳ ಡಾಕ್ಟರ್ ಮೃಣ್ಮಯಿಯವರಿಗೆ ತೋರಿಸಿಕೊಂಡು ಬಂದಳು.

"ಆರ್‌ಎಸ್‌ವಿ ಅಂತ ಒಂದು ವೈರಸ್ ಅಂತ್ರಿ ಮಾವಾರ. ಸಣ್ಣ ಮಕ್ಕಳಿಗೆ ಬರೋದ ಐತಂತ. ಬಹಳ ಮಕ್ಕಳಿಗೆ ತಾನ ಆರಾಮ ಆಕ್ಕೈತಂತ. ಆದ್ರ ಉಸಿರು ಜೋರಾದ್ರ, ಪಕ್ಕೆಲಬು ಒಳಗ ಜಗ್ಗಿದ್ರ, ಹಾಲು ಬಿಟ್ರ, ಎದಿಯೊಳಗ ಸುಂಯ್ ಅಂದ್ರ, ತಡಾ ಮಾಡದ ಕರಕೊಂಡು ಬರ್ರಿ ಅಂದಾರ."

"ಸುಂಯ್ ಅಂದ್ರ? ಅದು ನನ್ನ ಖಾತೆ! ನೀ ಏನೂ ಚಿಂತಿ ಮಾಡಬ್ಯಾಡ."

"ಇನ್ನೊಂದು ಅಂದಾರ್ರಿ. ನೆಗಡಿ, ಕೆಮ್ಮು ಇದ್ದವರು ಕೂಸಿನ ಸನೇಕ ಬರಬಾರದಂತ," ಎಂದು ಪ್ರೀತಿ ನನ್ನನ್ನೇ ನೋಡಿದಳು.

"ನನ್ಯಾಕ ನೋಡ್ತಿ? ನಂದು ಮಗ್ಗದ ಹಿಂಜಿನ ಕೆಮ್ಮು. ನೂಲಿನ ಧೂಳು ಕುಡದು ಬಂದದ್ದು. ನಿನ್ನ ಗಂಡ ಹುಟ್ಟೂಕಿಂತ ಮೊದಲಿಂದು!"

ಮರುದಿನ ಬಿಸಿಲೇರುವ ಹೊತ್ತಿಗೆ ತಪಾಸಣೆ ಶುರುವಾಯಿತು. ಕೂಸನ್ನು ಬೋರಲು ಮಲಗಿಸಿ ಅದರ ಬೆನ್ನಿಗೆ ಕಿವಿ ಹಚ್ಚಿದೆ. ಕೇಳಿಸಿತು! ಎಣ್ಣೆ ಕಾಣದ ರಾಟೆಯ ಹಾಗೆ ಸಣ್ಣಗೆ, ಉದ್ದಕ್ಕೆ, "ಸುಂಯ್... ಸುಂಯ್..."

"ಭಾಗವ್ವಾ! ಪ್ರೀತೀ! ಓಡಿ ಬರ್ರಿ! ಎದಿ ಸಿಳ್ಳಿ ಹೊಡಿಯಾಕತ್ತೈತಿ!"

ಪ್ರೀತಿ ಓಡಿ ಬಂದಳು. "ಈಗರ ಹೊಟ್ಟಿ ತುಂಬ ಹಾಲು ಕುಡದೈತ್ರಿ ಮಾವಾರ. ನೋಡ್ರಿ, ನಗಾಕತ್ತೈತಿ."

"ಮಗ್ಗಾನೂ ಮುರಿಯೂ ಗಳಿಗಿತನಕ ನಕ್ಕೋತನ ನೇಯ್ತೈತಿ!"

ನನ್ನ ಹೆಂಡತಿ ಭಾಗವ್ವ ಒಲೆಯ ಮುಂದಿನಿಂದಲೇ ಕೂಗಿದಳು. "ನಿಮ್ಮ ಮೀಸಿ ಚುಚ್ಚಿ ಕೂಸು ನಗಾಕತ್ತೈತಿ. ಮೊದಲ ಮುಖಾ ತಗೀರಿ!"

ಹೆಂಗಸರ ಮಾತು ಕೇಳಿ ಮೆಕ್ಯಾನಿಕ್ ಕೆಲಸ ಬಿಡುತ್ತಾನೆಯೇ? ಫ್ಯಾನ್ ಬಂದ್ ಮಾಡಿಸಿದೆ. ಸದ್ದು ಹೋಗಲಿಲ್ಲ. ತೊಟ್ಟಿಲ ಸರಪಳಿಗೆ ಎಣ್ಣೆ ಬಿಟ್ಟೆ. ಹೋಗಲಿಲ್ಲ. ಉಳಿದದ್ದು ಮಗ್ಗಗಳ ಗದ್ದಲ. ಮಗ ಗೌರೀಶ ನಮ್ಮ ಶೆಡ್ಡಿನ ಮಗ್ಗ ನಿಲ್ಲಿಸಿದ. ಆದರೆ ಓಣಿಯ ತುಂಬ ಉಳಿದವರ ಮಗ್ಗ ಬಡಿಯುತ್ತಲೇ ಇದ್ದವು. ನಾನು ಓಣಿಯ ನಡುವೆ ನಿಂತೆ. ಮಗ್ಗದ ಸದ್ದಿನಲ್ಲಿ ಬಾಯಿಮಾತು ನಡೆಯುವುದಿಲ್ಲ, ನಮ್ಮದೆಲ್ಲ ಕೈಸನ್ನೆ. ಎದೆ ಮುಟ್ಟಿಕೊಂಡೆ, ಮನೆಯ ಕಡೆ ಬೆರಳು ತೋರಿಸಿದೆ, "ದಯಮಾಡಿ ನಿಲ್ಲಿಸ್ರಿ" ಎಂದು ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿದೆ.

ಒಂದೊಂದಾಗಿ ಮಗ್ಗಗಳು ನಿಂತವು. ಓಣಿ ತಣ್ಣಗಾಯಿತು.

ನಮ್ಮಲ್ಲಿ ಹಾಡುಹಗಲೇ ಮಗ್ಗ ನಿಲ್ಲುವುದು ಎರಡೇ ಕಾರಣಕ್ಕೆ. ಒಂದೋ ಕರೆಂಟು ಹೋಗಬೇಕು, ಇಲ್ಲವೇ ಯಾರಾದರೂ ಹೋಗಬೇಕು. ಅಂದು ಎಲ್ಲರ ಮನೆಯಲ್ಲೂ ಕರೆಂಟು ಇತ್ತು! ಎದುರುಮನೆಯ ಯಲ್ಲಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲರಿಗಿಂತ ಮೊದಲು ನುಗ್ಗಿ ಬಂದಳು.

"ಎಪ್ಪಾ ಹೊಳಬಸಪ್ಪಾ! ಎಂಥಾ ಬಂಗಾರದಂಥ ಹೆಣಮಗಳಿದ್ಲೋ ನಮ್ಮ ಭಾಗವ್ವ! ಒಂದು ದಿನಾ ಯಾರಿಗೂ ಎದುರುಮಾತು ಆಡಲಿಲ್ಲೋ!"

ಹಿಟ್ಟಿನ ಕೈಯಲ್ಲೇ ಭಾಗವ್ವ ಅಡಿಗೆಮನೆಯಿಂದ ಹೊರಗೆ ಬಂದಳು. "ಇನ್ನೊಮ್ಮಿ ಅನ್ನು ಯಲ್ಲಕ್ಕ. ಜೋರಲೇ ಅನ್ನು, ಇವರ ಕಿವಿಗೆ ಬೀಳಲಿ!"

ಯಲ್ಲಕ್ಕ ಕಿಟಾರನೆ ಕಿರುಚಿ ಗೋಡೆಗೆ ಒರಗಿದಳು. ಹಿಂದೆಯೇ ಬಂದಿದ್ದ ಗಂಡಸರು ತಲೆಯ ಟೊಪ್ಪಿಗೆ ತೆಗೆದವರು ಮತ್ತೆ ಹಾಕಿಕೊಂಡರು. ನಾನು ಎಲ್ಲರಿಗೂ "ಶ್!" ಎಂದೆ. ಜನ ಉಸಿರು ಬಿಗಿಹಿಡಿದರು. ಕೂಸಿನ ಬೆನ್ನಿಗೆ ಇನ್ನೊಮ್ಮೆ ಬಾಗಿದೆ. ಆ ನಿಶ್ಶಬ್ದದಲ್ಲಿ "ಸುಂಯ್..." ಎಂಬುದು ಬಾಗಿಲ ತನಕ ಕೇಳಿಸಿತು!

"ಹೌದವ್ವಾ, ನನಗೂ ಕೇಳಿಸ್ತು!" ಎಂದಳು ಯಲ್ಲಕ್ಕ.

ಪ್ರೀತಿಯ ಮುಖದಲ್ಲಿ ರಕ್ತ ಉಳಿಯಲಿಲ್ಲ. ಅಲ್ಲಿಯ ತನಕ ನನ್ನ ಮಾತಿಗೆ ನಗುತ್ತಿದ್ದವಳು ಕೂಸನ್ನು ಎದೆಗವಚಿಕೊಂಡು ಬರಿಗಾಲಲ್ಲೇ ಓಣಿಗೆ ಇಳಿದಳು. ಗೌರೀಶ ಟಂಟಂ ರಿಕ್ಷಾ ಒಂದನ್ನು ತಡೆದು ನಿಲ್ಲಿಸಿದ. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಭಾಗವ್ವನೂ ಹತ್ತಿದಳು. ಜಮಖಂಡಿಯ ದಾರಿಯುದ್ದಕ್ಕೂ ನಾನು ಕಾಡಸಿದ್ಧೇಶ್ವರನಿಗೆ ಹರಕೆ ಹೊತ್ತೆ, ಪ್ರೀತಿ ಕೂಸಿನ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ಕೂತಳು. ನನ್ನೆದೆಯೂ ಬಿಗಿದಿತ್ತು. ಮೊಮ್ಮಗಳ ಮೇಲಿನ ಮಾಯೆ ಇದು, ಬಿಗಿಯದೆ ಇರುತ್ತದೆಯೇ ಎಂದುಕೊಂಡೆ.

ಡಾಕ್ಟರ್ ಮೃಣ್ಮಯಿ ಕೂಸಿನ ಅಂಗಿ ಎತ್ತಿ, ಹಿಂದೆ ಮುಂದೆ ಎಲ್ಲ ಕಡೆ ಕೊಳವೆ ಇಟ್ಟು ಕೇಳಿದರು. ಕೂಸು ಆ ಕೊಳವೆಯನ್ನೇ ಬಾಯಿಗೆ ಹಾಕಿಕೊಳ್ಳಲು ನೋಡಿತು.

"ಎದಿ ಸ್ವಚ್ಛ ಅದ. ಉಸಿರು ಛಲೋ ನಡದದ, ಪಕ್ಕೆಲಬೂ ಜಗ್ಗಾಕತ್ತಿಲ್ಲ. ನೆಗಡಿ ಇಳಿಯಾಕತ್ತದ. ಏನೂ ಹೆದರಬ್ಯಾಡ್ರಿ."

ಪ್ರೀತಿ ಅಲ್ಲೇ ಕುರ್ಚಿಯಲ್ಲಿ ಕುಸಿದು ಅಳುತ್ತ ನಕ್ಕಳು. ನನಗೂ ಹೋದ ಜೀವ ಬಂದಂತಾಯಿತು. ಆದರೆ ಜೀವದ ಹಿಂದೆಯೇ ಅಭಿಮಾನವೂ ಬಂತಲ್ಲ!

"ಡಾಕ್ಟರ, ನಿಮ್ಮ ಕೊಳವಿಯೊಳಗ ಏನರ ಸಿಕ್ಕಿರಬೇಕು. ನೋಡ್ರಿ, ನನಗ ಬರೇ ಕಿವಿಗೇ ಕೇಳಿಸಾಕತ್ತೈತಿ!"

ಡಾಕ್ಟರ್ ಕೊಳವೆಯನ್ನು ಕಿವಿಯಿಂದ ತೆಗೆದು, ಕತ್ತು ವಾರೆ ಮಾಡಿ ಆಲಿಸಿದರು. "ಖರೆ ಅದ ಅಜ್ಜಾರ. ಕೇಳಿಸ್ತದ."

ನಾನು ಭಾಗವ್ವನ ಕಡೆ ತಿರುಗಿ ಮೀಸೆಯ ಮೇಲೆ ಕೈಯಾಡಿಸಿದೆ.

"ಈಗ ನೀವು ಒಂದು ಗಳಿಗಿ ಉಸಿರು ಹಿಡೀರಿ," ಎಂದರು ಡಾಕ್ಟರ್.

ಹಿಡಿದೆ. ಸದ್ದು ನಿಂತಿತು.

"ಬಿಡ್ರಿ."

ಬಿಟ್ಟೆ. "ಸುಂಯ್..."

ಪ್ರೀತಿ ಬಾಯಿಗೆ ಸೆರಗು ಒತ್ತಿಕೊಂಡಳು. ಭಾಗವ್ವ ಅಷ್ಟೂ ಮರ್ಯಾದೆ ಉಳಿಸಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಓಣಿ ಮಗ್ಗಾ ಎಲ್ಲಾ ನಿಲ್ಲಿಸಿ ತಮ್ಮ ಎದೀ ತಾವ ಕೇಳ್ಯಾರ್ರಿ!"

ಆದರೆ ಡಾಕ್ಟರ್ ನಗುತ್ತಿರಲಿಲ್ಲ. ನನ್ನ ಬೆನ್ನಿಗೆ ಕೊಳವೆ ಇಟ್ಟರು, ಬೆರಳಿಗೆ ಆಕ್ಸಿಜನ್ ಅಳೆಯುವ ಚಿಮಟವೊಂದನ್ನು ಸಿಕ್ಕಿಸಿ ನೋಡಿದರು.

"ಇದು ಹಿಂಜಿನ ಕೆಮ್ಮಲ್ಲ ಅಜ್ಜಾರ. ಮೊಮ್ಮಕ್ಕಳ ವೈರಸ್ಸೇ ನಿಮಗೂ ಹತ್ತಿರಬೇಕು. ನಿಮ್ಮ ವಯಸ್ಸಿನವರಿಗೂ ಇದು ಭಾರಿ ಕಾಡ್ತದ. ಇವತ್ತ ಬಂದದ್ದು ಛಲೋ ಆತು. ಹಂಗ ಬಿಟ್ಟಿದ್ರ ದವಾಖಾನಿಯೊಳಗ ಮಲಗಬೇಕಾಗ್ತಿತ್ತು. ಮತ್ತ ಕೆಮ್ಮು ಹೋಗೂತನಕ ಕೂಸಿಗೆ ಮುಖಾ ಹಚ್ಚಬ್ಯಾಡ್ರಿ."

ಭಾಗವ್ವನ ನಗು ಅರ್ಧಕ್ಕೇ ನಿಂತಿತು. ಪಕ್ಕಕ್ಕೆ ಬಂದು ನನ್ನ ರಟ್ಟೆ ಹಿಡಿದವಳು ಆಮೇಲೆ ಬಿಡಲೇ ಇಲ್ಲ. ಕೂಸಿನ ಕಡೆ ನೋಡಿದೆ. ಅವಳು ತಾಯಿಯ ಹೆಗಲ ಮೇಲಿಂದ ನನ್ನನ್ನೇ ನೋಡಿ ನಗುತ್ತಿದ್ದಳು. ನಾನು ಮೊದಲ ಸಲ ಒಂದು ಹೆಜ್ಜೆ ಹಿಂದೆ ಸರಿದೆ.

ನರ್ಸಮ್ಮ ಒಂದು ಸಣ್ಣ ಯಂತ್ರ ತಂದು, ಔಷಧ ಹಾಕಿ, ಮೀನಿನ ಚಿತ್ರವಿದ್ದ ಮಾಸ್ಕ್ ನನ್ನ ಮೂಗಿಗೆ ಕಟ್ಟಿದಳು. ಬುಸ್ ಎಂದು ಹೊಗೆ ಬಂತು. ಎದೆಯ ಬಿಗಿ ಮೆಲ್ಲಗೆ ಸಡಿಲಾಯಿತು. ಸುತ್ತ ಕೂತಿದ್ದ ಪುಟಾಣಿ ಮಕ್ಕಳೆಲ್ಲ ಅಳು ನಿಲ್ಲಿಸಿ ನನ್ನನ್ನೇ ನೋಡತೊಡಗಿದರು.

"ನಾ ಮಕ್ಕಳ ಡಾಕ್ಟರ್. ಇದು ಮುಗಿದ ಮ್ಯಾಲೆ ಬಾಜೂಕ ದೊಡ್ಡವರ ಡಾಕ್ಟರ್ ಇದ್ದಾರ, ಅವರಿಗೆ ತೋರಸ್ರಿ," ಎಂದರು ಮೃಣ್ಮಯಿ.

ಭಾಗವ್ವ ಕಣ್ಣೊರೆಸಿಕೊಂಡು, ಬಾಯಿ ಕಟ್ಟಿಸಿಕೊಂಡು ಕೂತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬ್ಯಾಡ್ರಿ ಡಾಕ್ಟರ, ನಿಮ್ಮ ಕಡೇನ ಇರಲಿ. ದೊಡ್ಡವರ ಡಾಕ್ಟರ್ ಕಡೆ ಒಯ್ಯೂವಷ್ಟು ಇವರಿನ್ನೂ ಬೆಳದಿಲ್ಲ!"